ಕೆಟ್ಟವೆಂದು ಬರೆಸಿಕೊಂಡ ಇಪ್ಪತ್ತೆರಡು ಮೈಕ್ರೋಸ್ಕೋಪು

ಮೊದಲು ನೋಡಿದಾಗ ನಾನು ಆಕೆಗೆ ಹೆಚ್ಚು ಬೆಲೆ ಕಟ್ಟಲಿಲ್ಲ. ಐದಡಿಗೆ ಎರಡು ಬೆರಳು ಕಡಿಮೆ ಎತ್ತರ, ಒಂದು ಕಡ್ಡಿಗೆ ದಾರ ಸುತ್ತಿದ ಕನ್ನಡಕ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಯಾವ ಗಿರಾಕಿಯನ್ನೂ ಒಳಗೆ ಕರೆಯದ ಗಂಟುಮುಖ. ಅಂಗಡಿಯಲ್ಲಿಟ್ಟರೆ ಹಿಂದಿನ ಸಾಲಿಗೆ ಹೋಗುವ ಸರಕು. ಹಳೆಯ ಸಾಮಾನು ಕೊಂಡು ಮಾರುವುದೇ ನನ್ನ ಕಸುಬು. ಮುಚ್ಚಿದ ಡಬ್ಬಿಯನ್ನು ಅಲುಗಾಡಿಸಿಯೇ ಒಳಗೇನಿದೆ ಹೇಳುತ್ತೇನೆಂದು ಜಂಬ ಕೊಚ್ಚುತ್ತಿದ್ದವನು. ಆ ಜಂಬ ಇಳಿದದ್ದು ಈಕೆಯಿಂದ.

ನಾನು ಗುಜರಿ ಹರಾಜಿಗೆ ಹೋಗುತ್ತಿದ್ದ ವಿಶ್ವವಿದ್ಯಾಲಯದ ಜೀವಶಾಸ್ತ್ರ ವಿಭಾಗದ ಉಗ್ರಾಣ ಆಕೆಯ ಕೈಯಲ್ಲಿತ್ತು. ಎಲ್ಲರ ಬಾಯಲ್ಲೂ ಬೀಗದಕ್ಕ. ದೊಡ್ಡ ಪ್ರೊಫೆಸರರಿಗೂ ಚೀಟಿ ಬರೆದುಕೊಡದೆ ಒಂದು ಗಾಜಿನ ಪಟ್ಟಿ ಸಿಗುತ್ತಿರಲಿಲ್ಲ.

“ಮನೇಲಿ ಯಜಮಾನ್ರಿಗೆ ನೀರು ಕೊಡೋಕೂ ಚೀಟಿ ಕೇಳ್ತೀರೇನಕ್ಕ?” ಎಂದು ಒಮ್ಮೆ ಕೆಣಕಿದ್ದೆ.

“ಅವರು ಲೋಟ ವಾಪಸ್ ಕೊಡ್ತಾರೆ ಸಾಹುಕಾರ್ರೇ. ಚೀಟಿ ಬೇಕಾಗಿರೋದು ನಿಮ್ಮಂಥೋರಿಗೆ.”

ಆ ವಿಶ್ವವಿದ್ಯಾಲಯ ಯುದ್ಧದಲ್ಲಿ ನುಚ್ಚುನೂರಾದ ಒಂದು ದೇಶದ ವಿಶ್ವವಿದ್ಯಾಲಯದ ಜೊತೆ ಸ್ನೇಹದ ಒಡಂಬಡಿಕೆ ಮಾಡಿಕೊಂಡಿತ್ತು. ಕುಲಪತಿಗಳು ಕೈ ಕುಲುಕಿದ ಫೋಟೋ ಬಾಗಿಲಷ್ಟು ದೊಡ್ಡದಾಗಿ ಪಡಸಾಲೆಯಲ್ಲಿ ನಿಂತಿತು. ಅಂತರರಾಷ್ಟ್ರೀಯ ಸಹಕಾರ ವಿಭಾಗ ಎಂಬ ಬೋರ್ಡು ಬಂತು, ಬೋರ್ಡಿನ ಹಿಂದೆ ಕೋಣೆ ಬಂತು, ಕೋಣೆಗೆ ಜಮಖಾನ ಬಂತು, ಜಮಖಾನದ ಮೇಲೆ ಒಬ್ಬರು ಸಾಹೇಬರು ಬಂದರು. ಎರಡು ವರ್ಷದಲ್ಲಿ ಇಲ್ಲಿಂದ ಆ ದೇಶಕ್ಕೆ ಹೋದದ್ದು ಎರಡು ಶುಭಾಶಯ ಪತ್ರ, ಒಂದು ಗೋಡೆ ಕ್ಯಾಲೆಂಡರು.

ಆಮೇಲೆ ಅಲ್ಲಿನ ಒಬ್ಬ ಅಧ್ಯಾಪಕಿಯ ಕಾಗದ ಬಂತು. ಸಾಹೇಬರು ಅದನ್ನು ಜೀವಶಾಸ್ತ್ರಕ್ಕೆ ದಾಟಿಸಿದರು, ಜೀವಶಾಸ್ತ್ರದವರು ‘ಉಗ್ರಾಣಕ್ಕೆ’ ಎಂದು ಗೀಚಿ ಕೈ ತೊಳೆದುಕೊಂಡರು. ಹಾಗೆ ಅದು ಬೀಗದಕ್ಕನ ಮೇಜಿಗೆ ಬಂದು ಬಿತ್ತು. ನಮ್ಮಲ್ಲಿ ಉಳಿದಿರುವುದು ಒಂದೇ ಮೈಕ್ರೋಸ್ಕೋಪು, ವೈದ್ಯಕೀಯ ವಿದ್ಯಾರ್ಥಿಗಳು ಅರವತ್ತು ಮಂದಿ, ಒಬ್ಬೊಬ್ಬರಿಗೆ ಒಂದೂವರೆ ನಿಮಿಷ. ಹೊಸ ವರ್ಷದ ಪಾಠ ಶುರುವಾಗುವಷ್ಟರಲ್ಲಿ ನಿಮ್ಮ ಹಳೆಯವು ಕೆಲವು ಸಿಗಬಹುದೇ ಎಂದು ಕೇಳಿದ್ದರು.

“ಒಂದೂವರೆ ನಿಮಿಷ,” ಎಂದರು ಅಕ್ಕ ನನಗೆ ಅದನ್ನು ತೋರಿಸಿ. “ಕಣ್ಣು ಹೊಂದಿಸ್ಕೊಳ್ಳೋಕೇ ಒಂದು ನಿಮಿಷ ಬೇಕು. ಉಳಿದಿದ್ರಲ್ಲಿ ಆ ಮಕ್ಕಳು ಏನು ನೋಡ್ತಾರೆ, ತಮ್ಮ ರೆಪ್ಪೆಕೂದಲಾ?”

ಹೊಸ ಯಂತ್ರಗಳು ಬಂದ ಮೇಲೆ ಮೂಲೆಗೆ ಬಿದ್ದ ಇಪ್ಪತ್ತೆರಡು ಹಳೆಯವು ಉಗ್ರಾಣದಲ್ಲಿದ್ದವು. ಅಕ್ಕ ಏಳು ತಿಂಗಳು ಊಟದ ಬಿಡುವಿನಲ್ಲಿ ಕೂತು ಅವನ್ನು ರಿಪೇರಿ ಮಾಡಿದರು. ಕಲ್ಲಾಗಿದ್ದ ಗ್ರೀಸನ್ನು ಬೆಂಕಿಕಡ್ಡಿಯಲ್ಲಿ ಕೆರೆದು ತೆಗೆದರು, ನನ್ನಿಂದ ಸಣ್ಣ ತಿರುಪುಗಳನ್ನು ಚೌಕಾಸಿ ಮಾಡಿ ಒಯ್ದರು. ಯಾರಿಗೆ, ಏನಕ್ಕೆ ಎಂಬುದನ್ನೆಲ್ಲ ಆಗ ನಾನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದೆ.

ಎಲ್ಲ ಸಿದ್ಧವಾದ ಮೇಲೆ ಸಾಹೇಬರ ಹತ್ತಿರ ಹೋದರು. ಅಲ್ಲಿ ನಡೆದದ್ದನ್ನು ಅಕ್ಕನೇ ನನಗೆ ಹೇಳಿದ್ದು.

“ಕೆಲಸ ಮಾಡ್ತಾವೇನಮ್ಮ?”

“ಮಾಡ್ತಾವೆ ಸರ್.”

“ಮತ್ತೆ ಹ್ಯಾಗೆ ಕೊಡೋದು? ನಡೀತಿರೋ ಸಾಮಾನು ಹೊರಗೆ ಕೊಡೋಕೆ ನಿಯಮ ಇಲ್ಲ. ಕೆಟ್ಟಿದ್ರೆ ಹೇಳಿ, ನೋಡೋಣ.”

“ಕೆಟ್ಟಿದ್ದನ್ನ ಅವರಿಗೆ ಯಾಕೆ ಸರ್ ಕಳಿಸೋದು?”

“ಅದು ಬೇರೆ ಪ್ರಶ್ನೆ.”

ಬೇರೆ ದಾರಿ ಕಾಣದೆ ಅಕ್ಕ ಅವನ್ನು ಕೆಟ್ಟವೆಂದು ಬರೆಸಿದರು. ಮೂವರ ಸಮಿತಿ ಬಂದು, ಮುಚ್ಚಳಗಳನ್ನು ಮಾತ್ರ ನೋಡಿ, ‘ನಿರುಪಯುಕ್ತ’ ಎಂದು ಸಹಿ ಹಾಕಿತು. ಕೆಳಗೆ ಉಗ್ರಾಣದವರ ಸಹಿಯೂ ಬೇಕು, ಹಾಕಿದರು. ಕಾಗದ ಹಿಡಿದು ಹೋದರೆ ಹಣಕಾಸಿನವರು ಇನ್ನೊಂದು ನಿಯಮ ತೆಗೆದರು: ನಿರುಪಯುಕ್ತ ಎಂದಾದ ಮೇಲೆ ಅದು ಹರಾಜಿಗೆ ಹೋಗಬೇಕು, ಮತ್ತೆಲ್ಲಿಗೂ ಹೋಗುವಂತಿಲ್ಲ.

ಹರಾಜಿನಲ್ಲಿ ಕೂಗಿದವನು ನಾನು. ಗುಜರಿಯ ತೂಕಕ್ಕೆ ಸಿಕ್ಕಿತು. ಅಂಗಡಿಗೆ ತಂದು ಪೆಟ್ಟಿಗೆ ತೆರೆದರೆ ಒಂದೊಂದೂ ಮದುಮಗಳ ಹಾಗೆ ಮಿಂಚುತ್ತಿದೆ. ಒಳಗೆ ಅಕ್ಕನ ಕೈಬರಹದ ಚೀಟಿ: ‘ಇದರ ಎಡಗಡೆ ತಿರುಪು ಬಿಗಿ. ಮೆಲ್ಲಗೆ ತಿರುಗಿಸಿ.’ ಯಾವ ಶಾಲೆಗೆ ಎಷ್ಟಕ್ಕೆ ಮಾರಬಹುದೆಂದು ನಾನು ಆಗಲೇ ಮನಸ್ಸಿನಲ್ಲಿ ಮೂರು ಗಿರಾಕಿಗಳನ್ನು ಕೂರಿಸಿದ್ದೆ. ಮರುದಿನ ಅಕ್ಕ ಬಂದು ನಿಂತರು.

“ಸಾಹುಕಾರ್ರೇ, ಅವು ಗುಜರಿ ಅಲ್ಲ.”

“ಗೊತ್ತಾಯ್ತಕ್ಕ. ಇಷ್ಟು ಸ್ನಾನ ಮಾಡಿದ ಗುಜರಿ ನಾನು ನೋಡಿಲ್ಲ.”

“ಅಲ್ಲಿ ಪಾಠ ಶುರುವಾಗೋಕೆ ಎರಡೇ ತಿಂಗಳಿದೆ.”

ಅದಕ್ಕಿಂತ ಹೆಚ್ಚು ಒಂದು ಮಾತೂ ಕೇಳಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಚೌಕಾಸಿ ಮಾಡುತ್ತಿದ್ದೆನೋ ಏನೋ. “ಒಯ್ಯಿರಿ,” ಎಂದೆ. ಒಳಗಿನಿಂದ ನನ್ನ ಹೆಂಡತಿ ಕೆಮ್ಮಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಆ ದೇಶಕ್ಕೆ ಕಂಟೇನರ್ ಕಳಿಸುತ್ತಿದ್ದ ಪರಿಹಾರ ಸಂಘದವರು ಒಂದು ಷರತ್ತು ಹಾಕಿದರು. ದಾನದ ಹೆಸರಲ್ಲಿ ಎಲ್ಲರೂ ತಮ್ಮ ಕಸವನ್ನು ಅಲ್ಲಿಗೆ ಸುರಿಯುತ್ತಾರಂತೆ. ಹಾಗಾಗಿ ಪ್ರತಿಯೊಂದೂ ಪರೀಕ್ಷೆಯಾಗಿದೆ, ಕೆಲಸ ಮಾಡುತ್ತದೆ ಎಂದು ಜವಾಬ್ದಾರರೊಬ್ಬರು ಸಹಿ, ಮುದ್ರೆ ಹಾಕಿಕೊಡಬೇಕು. ಕಂಟೇನರ್ ಹೊರಡಲು ಉಳಿದದ್ದು ಹನ್ನೆರಡು ದಿನ. ಸಾಹೇಬರು ಕೈ ಎತ್ತಿಬಿಟ್ಟರು: “ನಾವೇ ಕೆಟ್ಟಿದೆ ಅಂತ ಬರೆದಿದ್ದೀವಲ್ಲಮ್ಮ.”

ಅಕ್ಕ ನನ್ನಲ್ಲಿಗೆ ಬಂದರು. “ಕಾಗದದ ಪ್ರಕಾರ ಈಗ ಅವು ನಿಮ್ಮ ಮಾಲು. ಅಂಗಡಿ ಮುದ್ರೆ ಹಾಕಿ ನೀವು ಬರ್ಕೊಡಿ.”

“ನೋಡೋಣಕ್ಕ,” ಎಂದೆ. ವ್ಯಾಪಾರಿ ನೋಡೋಣ ಎಂದರೆ ಏನರ್ಥವೆಂದು ಓದುವ ನಿಮಗೆ ಗೊತ್ತು. ನಡೆಯುವ ಯಂತ್ರವೆಂದು ನಾನೇ ಬರೆದುಕೊಟ್ಟರೆ, ಗುಜರಿ ಬೆಲೆಗೆ ಹೇಗೆ ಎತ್ತಿದೆ ಎಂದು ಹರಾಜಿನವರು ಕೇಳುತ್ತಾರೆ. ಮುಂದಿನ ಹರಾಜಿಗೆ ನನ್ನನ್ನು ಗೇಟಿನೊಳಗೆ ಬಿಡುವುದಿಲ್ಲ. ಮುದ್ರೆ ಸವೆದಿದೆ, ಹೊಸದು ಮಾಡಿಸಲು ಕೊಟ್ಟಿದ್ದೇನೆ ಎಂದೆ. ನಾಳೆ ಬನ್ನಿ ಎಂದೆ. ಅವರು ನಾಲ್ಕು ಸಲ ಬಂದರು.

“ಇನ್ನೂ ಬಂದಿಲ್ವಾ ಮುದ್ರೆ?”

“ಇಲ್ಲಕ್ಕ.”

“ಹಾಗಾದ್ರೆ ರಬ್ಬರ್ ಗಿಡ ಈಗಷ್ಟೇ ನೆಟ್ಟಿರ್ಬೇಕು.”

ಐದನೆಯ ಸಲ ಬರಲಿಲ್ಲ. ಹನ್ನೊಂದನೆಯ ದಿನ ತಾವೇ ಕೂತು ಇಪ್ಪತ್ತೆರಡು ಸಾಲು ಬರೆದರು: ಇದನ್ನು ನಾನು ರಿಪೇರಿ ಮಾಡಿದ್ದೇನೆ, ಪರೀಕ್ಷಿಸಿದ್ದೇನೆ, ಕೆಲಸ ಮಾಡುತ್ತದೆ. ಕೆಳಗೆ ಹೆಸರು, ಹುದ್ದೆ, ಸಹಿ, ಉಗ್ರಾಣದ ಮುದ್ರೆ. ಪೆಟ್ಟಿಗೆಗಳು ಹೊರಟವು.

ಪಾಠ ಶುರುವಾಗುವ ಮೂರು ದಿನ ಮೊದಲು ಅವು ತಲುಪಿದವು. ಒಂದರ ಮಸೂರ ದಾರಿಯಲ್ಲಿ ಒಡೆದಿತ್ತು, ಇಪ್ಪತ್ತೊಂದು ಸರಿಯಾಗಿದ್ದವು. ಈಗ ಮೂವರಿಗೊಂದು, ನಿಮಿಷ ಎಣಿಸುವುದನ್ನು ನಿಲ್ಲಿಸಿದ್ದೇವೆ ಎಂದು ಅಧ್ಯಾಪಕಿ ಬರೆದರು. ಆ ಕಾಗದಕ್ಕೆ ಸಾಹೇಬರು ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು.

ಅದೇ ವಾರ ಬೀಗದಕ್ಕನಿಗೆ ನೋಟಿಸ್ ಬಂತು. ಒಂದು ಕಾಗದದಲ್ಲಿ ನಿರುಪಯುಕ್ತ ಎಂದು ಸಹಿ ಹಾಕಿದ್ದೀರಿ, ಇನ್ನೊಂದರಲ್ಲಿ ಕೆಲಸ ಮಾಡುತ್ತದೆ ಎಂದಿದ್ದೀರಿ. ಎರಡರಲ್ಲಿ ಯಾವುದು ಸುಳ್ಳು, ವಿವರಣೆ ಕೊಡಿ. ಅಕ್ಕ ಕೊಟ್ಟ ವಿವರಣೆ ಒಂದೇ ಮಾತು: ಮೊದಲನೆಯದು. ಅದರ ಕೆಳಗಿದ್ದ ಸಮಿತಿಯ ಮೂರು ಸಹಿಗಳ ಬಗ್ಗೆ ಯಾರೂ ಯಾರನ್ನೂ ಕೇಳಲಿಲ್ಲ. ಅಕ್ಕನಿಂದ ಬೀಗದ ಕೈ ಇಸಿದುಕೊಂಡು, ಬಡ್ತಿ ತಡೆಹಿಡಿದು, ಟಪಾಲು ವಿಭಾಗಕ್ಕೆ ಹಾಕಿದರು. ಲಕೋಟೆಗೆ ಅಂಟು ಹಚ್ಚುವ ಕೆಲಸ.

ಒಂದು ದಿನ ಹೋಗಿ ಅವರ ಮೇಜಿನ ಮುಂದೆ ನಿಂತೆ.

“ಅಕ್ಕ, ಆ ಮುದ್ರೆ ವಿಷಯ...”

“ಬಂತಾ?”

“ಅದು ಎಲ್ಲಿಗೂ ಹೋಗಿರಲಿಲ್ಲ.”

“ಗೊತ್ತಿತ್ತು. ಮೊದಲ್ನೇ ದಿನಾನೇ ನಿಮ್ಮ ಮೇಜಿನ ಮೇಲೆ ಕಂಡಿತ್ತು,” ಎಂದು ಇನ್ನೊಂದು ಲಕೋಟೆ ಎತ್ತಿಕೊಂಡರು.

ಆ ಇಪ್ಪತ್ತೆರಡು ಸಾಲಿನ ಕೆಳಗೆ ಇರಬೇಕಾಗಿದ್ದದ್ದು ನನ್ನ ಸಹಿ. ಹಾಕಿದ್ದರೆ ನನಗೆ ಒಂದು ಹರಾಜು ಹೋಗುತ್ತಿತ್ತು. ಹಾಕದೆ ಹೋದದ್ದಕ್ಕೆ ಅವರ ಉಗ್ರಾಣ ಹೋಯಿತು. ಬೀಗದಕ್ಕನಿಗೆ ನಾನು ಒಂದು ಸಹಿ ಬಾಕಿ ಇದ್ದೇನೆ.