ಮೊದಲು ನಿನ್ನ ಬೆರಳು

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಎಚ್‌ಐವಿ ರಕ್ತಪರೀಕ್ಷೆ ಮಾಡುವುದು ನನ್ನ ಕೆಲಸ. ಯಾವ ಜನರಲ್ಲಿ ಈ ಸೋಂಕು ಹೆಚ್ಚು ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ಪಟಪಟನೆ ಉತ್ತರ ಕೊಡುತ್ತಿದ್ದೆ. ಕಾಡಿನವರಲ್ಲೇ ಇರಬೇಕು, ಅವರಲ್ಲಿ ಗಂಡನನ್ನು ಬಿಡುವುದು, ಇನ್ನೊಬ್ಬನನ್ನು ಕೂಡಿಕೊಳ್ಳುವುದು ಎಲ್ಲ ಸಲೀಸಲ್ಲವೇ ಎನ್ನುತ್ತಿದ್ದೆ. ನಾನು ಯಳಂದೂರಿನ ಹತ್ತಿರದ ಜಮೀನಿದ್ದ ಮನೆಯ ಮಗಳು. ಹಣೆಯಲ್ಲಿ ವಿಭೂತಿ ಇದ್ದರೆ ರೋಗ ಹತ್ತಿರ ಸುಳಿಯುವುದಿಲ್ಲ ಎಂಬಷ್ಟು ಜಂಬ ನಮ್ಮವರಿಗಿತ್ತು, ನನಗೂ ಇತ್ತು.

ಆ ಜಂಬದಲ್ಲೇ ಒಮ್ಮೆ ಹನೂರಿನಾಚೆ, ಕಾಡಂಚಿನ ಸೋಲಿಗರ ಹಟ್ಟಿಗೆ, ಅವರ ಮಾತಿನಲ್ಲಿ ಪೋಡಿಗೆ, ಹೋದೆ. ಸೂಜಿ, ಹತ್ತಿ ಹರಡಿಕೊಂಡು ಕುಳಿತರೆ ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಎದುರಿಗೆ ಬಂದು ಕುಳಿತಳು.

"ನಿನ್ ರಕ್ತವ ನೋಡ್ಕಂಡಿದ್ದಿಯೇನವ್ವ?"

"ನಾನು ನೋಡೋಳು ಕಣಜ್ಜಿ."

"ನಮ್ಮಟ್ಟೀಲಿ ಜೇನು ತಂದೋನು ಮದ್ಲು ತಾನು ಬಾಯ್ಗಾಕಂತಾನೆ, ಆಮೇಕೆ ಬ್ಯಾರೇರ್ಗೆ ಕೊಡ್ತಾನೆ. ಮದ್ಲು ನಿನ್ ಬೆಳ್ಳು ಚುಚ್ಕೊ."

ಸಾವಿರಾರು ಬೆರಳು ಚುಚ್ಚಿದವಳು ನನ್ನದನ್ನು ಒಮ್ಮೆಯೂ ಚುಚ್ಚಿಕೊಂಡಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ. ಚುಚ್ಚಿಕೊಂಡು, ಪರೀಕ್ಷೆಯ ಪಟ್ಟಿಯ ಮೇಲೆ ಸೋಂಕು ತೋರಿಸುವ ಎರಡನೇ ಗೆರೆ ಮೂಡೀತೇ ಎಂದು ಕಾಯುವಾಗ ನಿಜಕ್ಕೂ ಹೆದರಿದೆ. ಮೂಡಲಿಲ್ಲ. ಆಗ ಅಜ್ಜಿ ಕೈ ಚಾಚಿದಳು, ಅವಳ ಹಿಂದೆ ಇಡೀ ಪೋಡು ಬಂತು. ಅಲ್ಲಿ ಒಬ್ಬರಿಗೂ ಸೋಂಕಿರಲಿಲ್ಲ. ನನಗೆ ನಾಚಿಕೆಯಾಯಿತು.

ಅದೇ ವಾರ ತವರಿಗೆ ಹೋದೆ. ಅತ್ತಿಗೆಗೆ ಆಗ ನಾಲ್ಕು ತಿಂಗಳು. ಅಣ್ಣ ಅರಿಸಿನದ ವ್ಯಾಪಾರಕ್ಕೆಂದು ಈರೋಡಿಗೆ ಹೋದರೆ ವಾರಗಟ್ಟಲೆ ಅಲ್ಲೇ ಉಳಿಯುವವನು. "ನಾನೂ ಮಾಡ್ಕಂಡಿವ್ನಿ, ನೀವಿಬ್ರೂ ಒಂದ್ಸಲ ಬೆಳ್ಳು ಕೊಡಿ" ಎಂದೆ. ಅತ್ತಿಗೆ ಕೈ ಮುಂದೆ ಮಾಡಿದಳು. ಅಣ್ಣ ಕೆಂಡವಾದ.

"ಕಾಡ್ನೋರ್ಗೆ ಮಾಡೋದ ತಂದು ಈ ಮನೇಲಿ ಮಾಡೀಯಾ? ನಮ್ಮೋರ್ಗೆ ಅದು ಬಂದದಾ? ಯಾರಾರ ಕೇಳುದ್ರೆ ಏನಂದಾರು?"

ಅತ್ತಿಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಅಣ್ಣನ ಮುಂದೆ ಸೂಜಿ, ಹತ್ತಿ ಚೀಲಕ್ಕೆ ತುಂಬಿಕೊಂಡೆ. ಕಾಫಿ ಕುಡಿದು ಬಂದೆ.

ದೊಡ್ಡ ಮನೆಯವರೆಂದು ಖಾಸಗಿ ವೈದ್ಯರೂ ಪರೀಕ್ಷೆಗೆ ಒತ್ತಾಯಿಸಲಿಲ್ಲ. ಮೈಸೂರಿನಲ್ಲಿ ಹೆರಿಗೆಗೆ ಸೇರಿಸಿದ ದಿನ ಪರೀಕ್ಷೆಯಾಯಿತು. ಅಣ್ಣ, ಅತ್ತಿಗೆ ಇಬ್ಬರಿಗೂ ಇತ್ತು. ಹುಟ್ಟಿದ ಹೆಣ್ಣುಮಗುವಿಗೂ ತಗುಲಿತು. ನಾಲ್ಕನೇ ತಿಂಗಳಲ್ಲೇ ಗೊತ್ತಾಗಿ ತಾಯಿ ಮಾತ್ರೆ ನುಂಗಿದ್ದರೆ ಮಗುವಿಗೆ ಬರದಂತೆ ಬಹುಪಾಲು ತಡೆಯಬಹುದಿತ್ತು. ಇದನ್ನು ದಿನವೂ ಬಸುರಿಯರಿಗೆ ಹೇಳುವವಳು ನಾನೇ. ಆ ತಪ್ಪನ್ನು ನಾನು ಅಣ್ಣನೊಬ್ಬನ ತಲೆಗೆ ಕಟ್ಟಲಾರೆ.

ಈಗ ಯಾರಾದರೂ ಅದೇ ಪ್ರಶ್ನೆ ಕೇಳಿದರೆ ತಡವರಿಸುತ್ತೇನೆ. ಯಾರು ದುಡಿಮೆಗೆ ಎಲ್ಲಿಗೆ ಹೋಗುತ್ತಾರೆ, ಎಷ್ಟು ದಿನ ಮನೆ ಬಿಟ್ಟಿರುತ್ತಾರೆ, ಯಾರಿಗೆ ಔಷಧಿ ಬೇಗ ಸಿಗುತ್ತದೆ ಎಂಬುದರ ಮೇಲೆಲ್ಲ ಅದು ನಿಂತಿದೆ. ಜಾತಿಯ ರಕ್ತ ಎಂಬುದೊಂದನ್ನು ನಾನಂತೂ ಇದುವರೆಗೆ ಕಂಡಿಲ್ಲ. ಬೆರಳು ಕೊಟ್ಟವರ ಲೆಕ್ಕ ನಮಗೆ ಸಿಗುತ್ತದೆ, ಬಚ್ಚಿಟ್ಟವರದು ಸಿಗುವುದಿಲ್ಲ.

ಅಣ್ಣನ ಮನೆಯವರು ಯಾರ ಕಣ್ಣಿಗೂ ಬೀಳಬಾರದೆಂದು ಮೈಸೂರಿನ ನೆಂಟರ ವಿಳಾಸ ಕೊಟ್ಟು ಅಲ್ಲೇ ಮಾತ್ರೆ ತರುತ್ತಾರೆ. ಹಾಗಾಗಿ ನನ್ನ ರಿಜಿಸ್ಟರಿನಲ್ಲಿ ನಮ್ಮೂರಿನ ಎದುರು ಇವತ್ತಿಗೂ ಸೊನ್ನೆ. ಮೊನ್ನೆ ಮೇಲಿನ ಅಧಿಕಾರಿಯೊಬ್ಬರು ಪುಟ ತಿರುಗಿಸುತ್ತ, "ನಿಮ್ಮ ಕಡೆಯವರಲ್ಲಿ ಒಂದೂ ಇಲ್ಲವಲ್ಲಮ್ಮ, ಒಳ್ಳೆ ಜನ" ಎಂದರು.

"ಹೂಂ ಸಾ" ಎಂದೆ.

ಅಣ್ಣನ ಮಗಳಿಗೆ ಈಗ ಆರು ವರ್ಷ. ಊಟವಾದ ಮೇಲೆ ಮಾತ್ರೆಯನ್ನು ತಾನೇ ಕೇಳಿ ತೆಗೆದುಕೊಳ್ಳುತ್ತಾಳೆ.