ಗಂಗಕ್ಕ ನೋಡಿದ ಉತ್ತರಾರ್ಧಗಳು

ಅಥವಾ ಗಂಗಕ್ಕ ಅತ್ತದ್ದು ಆ ಕಳ್ಳನ ಸಿನಿಮಾಕ್ಕೆ ಅಲ್ಲವೇನೋ. ಎರಡು ಮೂರು ಭಾನುವಾರಗಳನ್ನು ನಾನೇ ಒಂದಕ್ಕೊಂದು ಅಂಟಿಸಿಕೊಂಡಿರಬಹುದು. ಆದರೆ ಗಂಗಕ್ಕ ಹೆಸರೂ ಗೊತ್ತಿಲ್ಲದ ಜನರಿಗಾಗಿ ಅಳುತ್ತಿದ್ದದ್ದಂತೂ ನಿಜ.

ಐವತ್ತರ ದಶಕದ ಮಾತು. ಸಯನ್ನಿನ ಚಾಳಿನಲ್ಲಿ ನನ್ನ ಪಕ್ಕದ ಖೋಲಿ ಅವರದು. ಧಾರವಾಡದ ಕಡೆಯವರು. ಗಂಡ ವೆಂಕಟರಾಯರು ಫೋರ್ಟಿನ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಹಾಸಿಗೆ ಹಿಡಿದ ಅತ್ತೆಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಹಾಗಾಗಿ ಗಂಡ ಹೆಂಡತಿ ಸಿನಿಮಾವನ್ನು ಹಂಚಿಕೊಂಡಿದ್ದರು. ಅತ್ತೆಗೆ ಉಣ್ಣಿಸಿ ಮಲಗಿಸುವುದು ಗಂಗಕ್ಕನ ಕೆಲಸವಾದ್ದರಿಂದ ಮ್ಯಾಟಿನಿಯ ಮೊದಲರ್ಧ ಯಾವಾಗಲೂ ರಾಯರದು. ಥೇಟರು ಬೀದಿಯ ಆಚೆ ಬದಿಗೇ ಇತ್ತು. ಇಂಟರ್ವಲ್ ಆದೊಡನೆ ರಾಯರು ಓಡಿಬಂದು ಟಿಕೆಟ್ಟಿನ ತುಂಡನ್ನು ಕೊಡುವರು. ಗಂಗಕ್ಕ ಸೆರಗು ಸರಿಪಡಿಸಿಕೊಳ್ಳುತ್ತ ಓಡುವರು. ಬಾಗಿಲು ಕಾಯುವವನು “ಆವೋ, ಆಧಾ ಪಿಕ್ಚರ್‌ವಾಲೀ ಬಾಯಿ” ಎಂದು, ಅರ್ಧ ಸಿನಿಮಾದ ಅಮ್ಮ ಬಂದರೆಂದು, ನಗುತ್ತಿದ್ದನಂತೆ.

ಸಂಜೆ ಚಾಳಿನ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ಜಗಳ.

“ಅವ ಕಳ್ಳ ಇದ್ದಾನ. ಅವನ ಸಲುವಾಗಿ ಯಾಕ ಅತ್ತಿ?” ಎಂದು ರಾಯರು.

“ನಾ ಹೋದಾಗ ಅವ ಕಳ್ಳ ಇರಲಿಲ್ರೀ. ಕುರುಡಿ ತಾಯಿನ್ನ ಹೊತಗೊಂಡು ಹೊಂಟಿದ್ದ.”

“ಕುರುಡಿ? ಆಕಿ ಕಣ್ಣು ಛಲೋ ಇದ್ದುವಲ್ಲ!”

“ನಿಮ್ಮ ಕಡೆ ಇದ್ದುವು. ನನ್ನ ಕಡೆ ಬರೂದ್ರಾಗ ಹೋಗಿದ್ದುವು.”

ರಾಯರ ಪ್ರಕಾರ ಸಿನಿಮಾಗಳೆಲ್ಲ ನಗಿಸುವಂಥವು. ಗಂಗಕ್ಕನ ಪ್ರಕಾರ ಅಳಿಸುವಂಥವು. ಪೂರ್ತಿ ನೋಡಿದ ನಾನು ತೀರ್ಪು ಹೇಳಹೋದರೆ ಗಂಗಕ್ಕ ಬಾಯಿ ಮುಚ್ಚಿಸುವರು: “ನೀ ಸುಮ್ಮನಿರೋ ತಮ್ಮಾ, ಒಬ್ಬನ ನೋಡಾಂವಗ ಏನು ತಿಳೀತದ?”

ಆದರೂ ಅವರಿಗೊಂದು ಆಸೆ ಇತ್ತು. “ಒಂದ ಸಲ, ಪರದೆ ಮ್ಯಾಲೆ ಹೆಸರು ಬೀಳೂದರಿಂದ ಹಿಡದು ಕಡೀತನಕ ಕೂಡಬೇಕು ನೋಡು.” ಇದನ್ನು ಮಾತ್ರ ಅತ್ತೆಗೆ ಕೇಳಿಸದ ಹಾಗೆ ಹೇಳುತ್ತಿದ್ದರು.

ಅತ್ತೆ ತೀರಿಕೊಂಡು, ವರ್ಷಾಂತಿಕ ಮುಗಿದ ಮೇಲೆ ಇಬ್ಬರೂ ಜೊತೆಯಾಗಿ ಹೊರಟರು. ನಾನು ಹಿಂದಿನ ಸಾಲಿನಲ್ಲಿದ್ದೆ. ಇದ್ದೆನೆಂದೇ ನಂಬಿದ್ದೇನೆ. ಹೆಸರುಗಳು ಬೀಳುವಷ್ಟು ಹೊತ್ತೂ ಗಂಗಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಆಮೇಲೆ ಪರದೆಯ ಮೇಲೆ ಒಂದು ತುಂಬಿದ ಸಂಸಾರ, ಮದುವೆ, ಚೇಷ್ಟೆ, ಹಾಡು. ಗಂಗಕ್ಕ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ.

ದೀಪಗಳು ಹತ್ತಿದವು. ರಾಯರು ಅಭ್ಯಾಸಬಲದಿಂದ ದಡಕ್ಕನೆ ಎದ್ದು, ನಾಚಿಕೊಂಡು, ಮತ್ತೆ ಕೂತರು. ಈಗ ಎದ್ದವರು ಗಂಗಕ್ಕ.

“ನೀವು ಕೂಡ್ರಿ. ನಾ ಮನಿಗೆ ಹೋಗತೀನಿ.”

“ಹುಚ್ಚೇನ ನಿನಗ? ಇನ್ನ ಅರ್ಧಾ ಅದ!”

“ಇವರಿಗೆ ಮುಂದ ಏನಾಗತದ ನನಗ ಗೊತ್ತದರಿ. ಇಷ್ಟ ನಗಲಿಕ್ಕತ್ತಾರ. ಇರಲಿ ಬಿಡ್ರಿ, ಹಿಂಗ.”

ರಾಯರು ಅವರ ಹಿಂದೆಯೇ ಹೋದರೋ, ಅಲ್ಲೇ ಉಳಿದರೋ? ನನಗೆ ಎರಡೂ ನೆನಪಿವೆ, ಎರಡೂ ನಿಜವಾಗಿರಲಾರವು. ಮುಂದೆ ಅವರು ಪಾರ್ಲೆಯ ಕಡೆಗೆ ಮನೆ ಬದಲಿಸಿದರು. ಗಂಗಕ್ಕ ಆಮೇಲೆ ಯಾವ ಸಿನಿಮಾವನ್ನಾದರೂ ಪೂರ್ತಿ ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ.