ಹಗೇವಿನಲ್ಲಿ ಆರಿದ ದೀಪ

ಸಂಪಗಾಂವದ ಬಸಲಿಂಗಪ್ಪ ನಲವತ್ತು ವರ್ಷ ಮಾಡಿದ್ದು ಒಂದೇ ಕೆಲಸ: ಹಗೇವು ಇಳಿಯುವುದು. ನೆಲದೊಳಗೆ ದೊಡ್ಡ ಗಡಿಗೆಯಂತೆ ಅಗೆದ ಗುಂಡಿ, ಸುತ್ತ ಒಣಹುಲ್ಲು, ನಡುವೆ ಜೋಳ, ಬಾಯಿಗೆ ಕಲ್ಲಿನ ಚಪ್ಪಡಿ, ಮೇಲೆ ಮಣ್ಣಿನ ಮೆತ್ತು. ಹೀಗೆ ಮುಚ್ಚಿಟ್ಟ ಕಾಳು ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿತ್ತು. ಅದನ್ನು ಮೇಲೆತ್ತಲು ಸೊಂಟಕ್ಕೆ ಹಗ್ಗ ಬಿಗಿದು ಇಳಿಯುತ್ತಿದ್ದವನು ಬಸಲಿಂಗಪ್ಪ. ಇಳಿದವನು ಹಾಡುತ್ತಲೇ ಇರಬೇಕು, ಹಾಡು ನಿಂತರೆ ಉಸಿರು ಕಟ್ಟಿತೆಂದು ಮೇಲಿನವರು ಹಗ್ಗ ಎಳೆಯಬೇಕು. ಅವನ ಕರ್ಕಶ ಕಂಠ ತಾಳಲಾರದೆ, ಹಾಡು ನಿಲ್ಲುವ ಮೊದಲೇ ಎಳೆದವರೂ ಇದ್ದರು.

೧೯೯೮ರ ಹೊತ್ತಿಗೆ ಮನೆಮನೆಗೂ ಪ್ಲಾಸ್ಟಿಕ್ ಚೀಲ ಬಂದು ಹಗೇವುಗಳು ಮೂಲೆಗುಂಪಾದವು. ಬಸಲಿಂಗಪ್ಪ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಜಗಿಯುವುದರಲ್ಲಿ ಪಳಗಿದ್ದ. ಅಂಥ ಒಂದು ಬೆಳಿಗ್ಗೆ ಓಣಿಯ ವಿರೂಪಾಕ್ಷ ಓಡಿಬಂದ.

“ಕಾಕಾ, ಲಗೂ ಬರ್ರಿ. ನಮ್ಮವ್ವ ಹಗೇವಿನ ಕಲ್ಲಿನ ಮ್ಯಾಲೆ ಕುಂತಾಳ, ಏಳಾಕ ಒಲ್ಲಂತಾಳ!”

ಆಗಿದ್ದಿಷ್ಟು. ಅಂಗಳದ ಹಗೇವಿಗೆ ಕಲ್ಲು ತುಂಬಿ, ಮೇಲೆ ಹೊಸ ಬಚ್ಚಲು ಕಟ್ಟಿಸಲು ವಿರೂಪಾಕ್ಷ ಹೊರಟಿದ್ದ. ಅವನ ತಾಯಿ ತಾಯವ್ವ, ಎಂಬತ್ತರ ಮುದುಕಿ, ಒಳಗೆ ತಾನು ಹದಿನೈದು ವರ್ಷದ ಹಿಂದೆ ಮುಚ್ಚಿದ ಜೋಳವಿದೆ ಎಂದು ಹಟ ಹಿಡಿದಿದ್ದಳು. ಮನೆಯವರ ಪ್ರಕಾರ ಅದು ಎಂದೋ ಖಾಲಿ, ಮುದುಕಿಗೆ ಅರಳುಮರಳು. ಅವಳು ಏನೇ ಹೇಳಲಿ, “ಹೂಂ ಬೇ” ಎಂದು ನಕ್ಕು ಬಿಡುತ್ತಿದ್ದರು. ಆ ನಗು ಬಸಲಿಂಗಪ್ಪನಿಗೆ ಗೊತ್ತಿತ್ತು. ಈಚೆಗೆ ಅವನ ಮಾತಿಗೂ ಊರು ಹಾಗೇ ನಗುತ್ತಿತ್ತು.

“ಬಸಲಿಂಗಾ, ನೀ ತಗದು ನೋಡು,” ಎಂದಳು ತಾಯವ್ವ. “ಒಳಗ ಜ್ವಾಳ ಇಲ್ಲಂದ್ರ ನನಗ ತಲಿ ಕೆಟ್ಟೈತಿ ಅಂತ ನಾನೂ ಒಪ್ಪತೇನಿ.”

ಅಷ್ಟು ಹೇಳಿ ಕಲ್ಲಿನಿಂದ ಎದ್ದಳು. ಬಸಲಿಂಗಪ್ಪ ಚಪ್ಪಡಿಯ ಮೇಲಿನ ಮಣ್ಣು ಕೆರೆಯುತ್ತ ಯೋಚಿಸಿದ. ಇಂಥ ಮಾತು ಕೊಟ್ಟವಳಿಗೆ ಖಾಲಿ ಗುಂಡಿ ತೋರಿಸುವುದು ಹೇಗೆ?

ಚಪ್ಪಡಿ ಸರಿಸಿ, ಉರಿಯುವ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟ. ಒಂದು ಮಾರು ಇಳಿಯುವಷ್ಟರಲ್ಲಿ ಉರಿ ಸಣ್ಣಗಾಗಿ, ಪಕ್ಕನೆ ಆರಿತು. ಹೆಂಗಸರು ಹಿಂದೆ ಸರಿದರು. “ದೆವ್ವ ಐತ್ರೀ!” ಎಂದು ಯಾರೋ ಚೀರಿದರು. ಬಸಲಿಂಗಪ್ಪ ಮಾತ್ರ ಮೊಣಕಾಲ ನೋವು ಮರೆತು ಕುಣಿದೇಬಿಟ್ಟ.

“ದೆವ್ವ ಅಲ್ಲೋ, ಕಾಳ ಐತಿ! ಕಾಳೂ ನಮ್ಮಂಗ ಉಸರಾಡತಾವ. ಇದ್ದ ಗಾಳಿ ಕುಡದು ಕೆಟ್ಟ ಗಾಳಿ ಬಿಡತಾವ. ಅದರಾಗ ಹುಳಾನೂ ಬದಕಂಗಿಲ್ಲ, ದೀಪಾನೂ ಉರಿಯಂಗಿಲ್ಲ.”

ಬೈಲಹೊಂಗಲದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ವಿರೂಪಾಕ್ಷನ ಮಗಳು ಶೈಲಜಾಳ ಕಣ್ಣು ಅರಳಿತು. “ಖರೇ ಐತ್ರಿ ಅಜ್ಜಾ! ಅದಕ್ಕ ಕಾರ್ಬನ್ ಡೈಆಕ್ಸೈಡ್ ಅಂತಾರ.”

“ಹೆಸರು ಏನರ ಇರಲಿ ತಂಗೀ, ನೀ ಬಗ್ಗಿ ನೋಡಬ್ಯಾಡ.”

ವಿರೂಪಾಕ್ಷ ನಂಬಲಿಲ್ಲ. ದೀಪ ಆರಿದ್ದು ಜೋಳ ಇರುವುದಕ್ಕೆ ಸಾಕ್ಷಿಯೇ ಎಂದು ಗೊಣಗಿದ. ಹಗೇವನ್ನು ಒಂದು ದಿನ ತೆರೆದಿಟ್ಟು, ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಏರಿಸಿ ಗಾಳಿಯಾಡಿಸಿದರು. ಮರುದಿನ ಕಂದೀಲು ತಳದವರೆಗೂ ಉರಿಯಿತು. ಬಸಲಿಂಗಪ್ಪ ಹಾಡುತ್ತ ಇಳಿದ. ತಾಯವ್ವ ಸೆರಗನ್ನು ಬಾಯಿಗೊತ್ತಿ ಕೂತಿದ್ದಳು.

ಹಾಡು ಥಟ್ಟನೆ ನಿಂತಿತು. ಎಲ್ಲರೂ ಹೌಹಾರಿ ಹಗ್ಗ ಜಗ್ಗಿದರು. ಮೇಲೆ ಬಂದ ಬಸಲಿಂಗಪ್ಪನ ಕೆನ್ನೆ ಉಬ್ಬಿತ್ತು, ಕಣ್ಣು ಕೆಂಪಗಿದ್ದವು, ಎರಡೂ ಮುಷ್ಟಿ ಬಿಗಿದಿದ್ದವು.

“ಯಾಕ ಎಳದ್ರ್ಯೋ? ಬಾಯಾಗ ಜ್ವಾಳ ಹಾಕ್ಕೊಂಡು ಹೆಂಗ ಹಾಡ್ಲಿ?”

ಮುಷ್ಟಿ ಬಿಚ್ಚಿದ. ಅಂಚಿನ ಕಾಳು ಕಪ್ಪಾಗಿದ್ದವು, ನಡುವಿನವು ಗಟ್ಟಿಯಾಗಿ, ಒಂದೂ ತೂತಿಲ್ಲದೆ ಹೊಳೆಯುತ್ತಿದ್ದವು. ಅಂಗಳದಲ್ಲಿ ಒಂದೇ ಗದ್ದಲ, ನಗು. ಬಸಲಿಂಗಪ್ಪನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ತಾಯವ್ವ ಒಂದು ಕಾಳು ಎತ್ತಿ ಹಲ್ಲಿಲ್ಲದ ಬಾಯಿಗೆ ಹಾಕಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು:

“ವಿರೂಪಾಕ್ಷಾ, ದನದ ಮನ್ಯಾಗ ಇನ್ನೊಂದ ಹಗೇವ ಐತಿ.”

ಯಾರೂ ನಗಲಿಲ್ಲ. ವಿರೂಪಾಕ್ಷ ಗುದ್ದಲಿ ತರಲು ಒಳಗೆ ಹೋದ.